‘ಅರ್ಥವಾಯ್ತು’ ಅನ್ನೋಕೆ ಅಂಡರ್‌ಸ್ಟ್ಯಾಂಡಾ, ಅಂಡರ್‌ಸ್ಟುಡ್ಡಾ?

ಪ್ರಶ್ನೆ: ಮ್ಯಾನೇಜರ್ ಮೇಲ್‌ನಲ್ಲಿ ಕೆಲಸ ವಿವರಿಸಿದಾಗ ‘ಐ ಅಂಡರ್‌ಸ್ಟುಡ್’ ಅಂತ ಉತ್ತರಿಸಬಹುದಾ? ‘ಗಾಟ್ ಇಟ್’, ‘ಐ ಸೀ’ ನಡೆಯುತ್ತಾ?

ಉತ್ತರ 1: ‘ಐ ಅಂಡರ್‌ಸ್ಟುಡ್’ ಬೇಡ. ಕನ್ನಡದ ‘ಅರ್ಥವಾಯ್ತು’ ಭೂತಕಾಲ. ಅದನ್ನೇ ಇಂಗ್ಲಿಷಿಗೂ ಒಯ್ಯುತ್ತೇವೆ, ತಪ್ಪು ಹುಟ್ಟುವುದೇ ಅಲ್ಲಿ. ಇಂಗ್ಲಿಷಿನಲ್ಲಿ ಅರ್ಥವಾಗಿರುವುದು ಈಗಲೂ ಇರುವ ಸ್ಥಿತಿ, ಹಾಗಾಗಿ ವರ್ತಮಾನಕಾಲ: ‘ಐ ಅಂಡರ್‌ಸ್ಟ್ಯಾಂಡ್’. ಆದರೆ ‘ಐ’ ಇಲ್ಲದೆ ಬರೀ ‘ಅಂಡರ್‌ಸ್ಟುಡ್’ ಅಂದರೂ ಸರಿ. ಅದು ‘ದಟ್ ಈಸ್ ಅಂಡರ್‌ಸ್ಟುಡ್’ ಎಂಬುದರ ಮೊಟಕು ರೂಪ, ಸೂಚನೆಗೆ ಚೆನ್ನಾಗಿ ಹೊಂದುತ್ತೆ. ‘ಐ ಆಮ್ ಅಂಡರ್‌ಸ್ಟ್ಯಾಂಡಿಂಗ್’ ಕೂಡ ಬಿಡಿ.

ಉತ್ತರ 2: ಸಹೋದ್ಯೋಗಿಗೆ ಚಾಟ್‌ನಲ್ಲಿ ‘ಗಾಟ್ ಇಟ್’ ಸಾಕು. ‘ಐ ಸೀ’ ಅಂದರೆ ‘ಓ, ಹಾಗಾ’ ಅಷ್ಟೇ. ಮಾಡ್ತೀನಿ ಅನ್ನೋ ಒಪ್ಪಿಗೆ ಅದರಲ್ಲಿಲ್ಲ. ‘ನೋಟೆಡ್’ ಒಂದೇ ಪದ ಬಿರುಸಾಗಿ ಕೇಳಬಹುದು. ‘ನೋಟೆಡ್, ಥ್ಯಾಂಕ್ಸ್. ಐ ವಿಲ್ ಸೆಂಡ್ ಇಟ್ ಬೈ ಫ್ರೈಡೇ’ ಅಂದರೆ ಏನು ಅರ್ಥವಾಯ್ತು ಅನ್ನೋದೂ ಅವರಿಗೆ ಕಾಣುತ್ತೆ.

ಉತ್ತರ 3: ಕಷ್ಟ ಹೇಳಿಕೊಂಡವರಿಗೆ ದಯವಿಟ್ಟು ‘ಅಂಡರ್‌ಸ್ಟುಡ್’ ಬರೆಯಬೇಡಿ, ಆದೇಶ ಸ್ವೀಕರಿಸಿದ ಹಾಗಿರುತ್ತೆ. ‘ದಟ್ ಮಸ್ಟ್ ಬಿ ಹಾರ್ಡ್’ ಅನ್ನಿ. ‘ಐ ನೋ’ ಅಂದರೂ ಕೆಲವೊಮ್ಮೆ ‘ನಂಗೊತ್ತು ಬಿಡಿ’ ಅಂದಂತೆ ಚುಚ್ಚುತ್ತೆ.