ನಿರಾಶ್ರಿತರೋ, ಸಂತ್ರಸ್ತರೋ, ನೆಲೆ ತಪ್ಪಿದವರೋ?

ಎಲ್ಲರಿಗೂ ನಮಸ್ಕಾರ.

ಉಕ್ರೇನಿನಲ್ಲಿ ಯುದ್ಧದಿಂದ ಮನೆ ಬಿಟ್ಟ ಕುಟುಂಬಗಳಿಗೆ ಚಳಿಗಾಲದಲ್ಲಿ ಸಿಗುವ ನೆರವಿನ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ನಿಂತೆ. ಇವರು ದೇಶ ದಾಟಿದವರಲ್ಲ. ಒಂದೂರಿಂದ ಓಡಿ ಅದೇ ದೇಶದ ಇನ್ನೊಂದೂರಲ್ಲಿ ಆಸರೆಗೆ ಜಾಗ ಹುಡುಕಿದವರು. ಏನೆಂದು ಕರೆಯುವುದು?

‘ನಿರಾಶ್ರಿತರು’ ಎಂದರೆ ನಮಗೆ ಮುಂಡಗೋಡದ ಟಿಬೆಟನ್ನರು ನೆನಪಾಗುತ್ತಾರೆ. 1951ರ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ಗಡಿ ದಾಟಿದವರಿಗೇ ಆ ಹೆಸರು. ದೇಶದೊಳಗೇ ಉಳಿದವರಿಗಾಗಿ ವಿಶ್ವಸಂಸ್ಥೆ 1998ರಲ್ಲಿ ಬೇರೆ ಮಾರ್ಗಸೂಚಿ ತಂದಿತು. ‘ಸ್ಥಳಾಂತರಗೊಂಡವರು’ ಅನ್ನೋಣವೆಂದರೆ, ಅದು ಬಟ್ಟೆ ಅಂಗಡಿಯ ಬಾಗಿಲಿಗೆ ಅಂಟಿಸಿದ ಚೀಟಿಯ ಮಾತು. ತಾವಾಗಿಯೇ ಹೋದಂತೆ ಕೇಳಿಸುತ್ತದೆ.

ನಾನು ಬಾಗಲಕೋಟೆಯವನು, ಬಾಯಿಗೆ ಮೊದಲು ಬಂದದ್ದು ‘ಸಂತ್ರಸ್ತರು’. ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟ ನಮ್ಮ ಮಂದಿಯೆಲ್ಲ ‘ಮುಳುಗಡೆ ಸಂತ್ರಸ್ತ’ರೇ. ಸಂಸ್ಕೃತದಲ್ಲಿ ಇದಕ್ಕೆ ಅಂಜಿ ನಡುಗಿದವನು ಎಂಬ ಅರ್ಥ. ನಮ್ಮಲ್ಲಿ ಆ ಅಂಜಿಕೆ ಸೋರಿಹೋಗಿ, ಪರಿಹಾರದ ಅರ್ಜಿ ಹಾಕಬಲ್ಲವನು ಎಂಬಷ್ಟೇ ಉಳಿದಿದೆ. ಶೆಲ್ ದಾಳಿಗೆ ರಾತ್ರೋರಾತ್ರಿ ಮಕ್ಕಳನ್ನೆತ್ತಿಕೊಂಡು ಓಡಿದವರಿಗೆ ಹಳೆಯ ಅರ್ಥವೇ ಒಪ್ಪುತ್ತದೆ, ಆದರೆ ಇಂದಿನ ಓದುಗರಿಗೆ ಅದು ಕೇಳಿಸೀತೇ? ‘ವಲಸೆ’ಯೂ ಹೀಗೇ ಸವೆದಿದೆ. ಹಿಂದೆ ವೈರಿಯ ದಂಡಿಗೆ ಹೆದರಿ ಊರು ಬಿಡುವುದೇ ವಲಸೆ; ಈಗ ಕೂಲಿಗೆ ಹೋಗುವುದೂ ವಲಸೆ. ವಿಜಯಪುರದ ಕಡೆ ‘ಗುಳೆ’ ಹೋದವರು ಜಾತ್ರೆಗಾದರೂ ಮರಳುತ್ತಾರೆ, ಹಾಗಾಗಿ ಅದನ್ನೂ ಬಿಟ್ಟೆ.

ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲಿರುವ ನಮ್ಮ ದೊಡ್ಡವ್ವನನ್ನು ಕೇಳಿದೆ. ಹೊಲಿಯುತ್ತಿದ್ದ ಕೌದಿಗೆ ಸೂಜಿ ಚುಚ್ಚಿಟ್ಟು, “ನಾವೇನ್ ಊರ್ ಬಿಟ್ಟಿಲ್ಲೋ ತಮ್ಮಾ, ಬಿಡಿಸ್ಯಾರ. ನೆಲಿ ತಪ್ಪಿದ ಮಂದಿ ನಾವು” ಅಂದಳು. ಸದ್ಯಕ್ಕೆ ‘ಯುದ್ಧದಿಂದ ನೆಲೆ ತಪ್ಪಿದ ಕುಟುಂಬಗಳು’ ಎಂದು ಬರೆದಿದ್ದೇನೆ.

ಒಡೆದ ಕಿಟಕಿಗೆ ಕಟ್ಟುವ ದಪ್ಪ ಪ್ಲಾಸ್ಟಿಕ್ ಹಾಳೆಗೆ ‘ತಾಡಪತ್ರಿ’ ಅಂದಿದ್ದೇನೆ, ನಮ್ಮ ಕಡೆ ರೈತರೆಲ್ಲ ಬಲ್ಲ ಮಾತು. ‘ಕಂಬಳಿ’ ಬದಲು ‘ದಪ್ಪ ಹೊದಿಕೆ’; ಹಂಚುವುದೆಲ್ಲ ಕುರಿಯುಣ್ಣೆಯದೇ ಆಗಿರಬೇಕಿಲ್ಲ.

‘ನೆಲೆ ತಪ್ಪಿದ’ ಎಂದಾಗ ಮೈಸೂರು, ಕರಾವಳಿಯ ಕಡೆಯವರಿಗೆ ‘ದಾರಿ ತಪ್ಪಿದ’ ಎಂಬ ಛಾಯೆ ಬರುತ್ತದೆಯೇ? ಬಂದರೆ ‘ನೆಲೆ ಕಳೆದುಕೊಂಡ’ ಎಂದು ತಿದ್ದುತ್ತೇನೆ. ಶುಕ್ರವಾರದೊಳಗೆ ತಿಳಿಸಿದರೆ ಉಪಕಾರ.