ಗಡಸು ನೀರು, ಉಪ್ಪು ನೀರು, ಸವುಳು ನೀರು: ಯಾವುದಕ್ಕೆ ಯಾವ ಪದ?

ಗೆಳೆಯರೇ,

ಬೆಂಗಳೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಹಾಕಿಸಿದ್ದಾರೆ. ಅದರ ಬಗ್ಗೆ ಮನೆಮನೆಗೆ ಹಂಚಲು ಕನ್ನಡದಲ್ಲಿ ಒಂದು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಶಾಲೆಯ ಪುಸ್ತಕದಲ್ಲಿ ಓದಿದ್ದು 'ಗಡಸು ನೀರು'. ಆದರೆ ನಲ್ಲಿ ಮುಂದೆ ನಿಂತು ಹಾಗೆ ಹೇಳುವವರನ್ನು ನಾನಂತೂ ಕಂಡಿಲ್ಲ. ಪ್ಲಂಬರ್ ಬಾಯಲ್ಲಿ ಅದು 'ಹಾರ್ಡ್ ವಾಟ್ರು'. ಪಕ್ಕದ ಮನೆಯವರಿಗೆ 'ಉಪ್ಪು ನೀರು', ಇಲ್ಲವೇ ಬರೀ 'ಬೋರ್ ನೀರು'. ಉತ್ತರ ಕರ್ನಾಟಕದ ಕಡೆಯ ಕಾವಲುಗಾರರಿಗೆ 'ಸವಳ ನೀರು'.

ಜನ ಆಡುವ 'ಉಪ್ಪು ನೀರು' ಅಂತಲೇ ಬರೆದುಬಿಡೋಣ ಅನ್ನಿಸುತ್ತೆ. ತೊಡಕು ಇರೋದು ಅಲ್ಲೇ. ನೀರನ್ನು ಗಡಸು ಮಾಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅಡುಗೆ ಉಪ್ಪಿಗೂ ಗಡಸುತನಕ್ಕೂ ಸಂಬಂಧವಿಲ್ಲ. ಸಾಫ್ಟ್‌ನರ್ ಮಾಡುವುದು ಇಷ್ಟೇ: ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು, ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಆ ಸೋಡಿಯಂ ತುಂಬಲು ಆಗಾಗ ಅದಕ್ಕೆ ಉಪ್ಪು ಹಾಕಬೇಕು. 'ಉಪ್ಪು ನೀರು ಸರಿಹೋಗಲು ಉಪ್ಪು ಹಾಕಿ' ಅಂತ ಬರೆದರೆ ಯಾರು ನಂಬುತ್ತಾರೆ? ಇನ್ನೊಂದು ಗಲಾಟೆ ಟಿಡಿಎಸ್ ಮೀಟರಿನದು. ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುತ್ತೆ. ಒಂದರ ಬದಲು ಇನ್ನೊಂದು ಬಂದರೆ ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತೆ. 'ಉಪ್ಪು ಹೋಗೇ ಇಲ್ಲ, ದುಡ್ಡು ದಂಡ' ಅನ್ನುವ ದೂರು ಆಗಲೇ ಶುರುವಾಗಿದೆ. ಹೆಸರು ಉಪ್ಪು ಅಂತ ಇರುವವರೆಗೆ ಈ ಜಗಳ ನಿಲ್ಲಲ್ಲ. ಭಾರತೀಯ ಮಾನಕದಲ್ಲೂ ಗಡಸುತನಕ್ಕೂ ಟಿಡಿಎಸ್‌ಗೂ (ಕರಗಿದ್ದರ ಒಟ್ಟು ಲೆಕ್ಕಕ್ಕೂ) ಬೇರೆ ಬೇರೆ ಮಿತಿ ಇದೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 600ರವರೆಗೆ. ಟಿಡಿಎಸ್‌ಗೆ 500, ಬೇರೆ ದಾರಿ ಇಲ್ಲದಿದ್ದರೆ 2000.

ಸವುಳು, ಸವಳು, ಚೌಳು ಇನ್ನೂ ಸ್ವಾರಸ್ಯದ ಪದಗಳು. ತೆಲುಗಿನ ಚವುಡು, ತಮಿಳಿನ ಚವರ್ ಇದರ ನಂಟರು. ಕೃಷ್ಣಾ, ಘಟಪ್ರಭಾ ಕಡೆ ಅತಿ ನೀರಾವರಿಯಿಂದ ಉಪ್ಪೇರಿ ಕೆಟ್ಟ ಹೊಲಕ್ಕೆ 'ಸವಳು-ಜವಳು' ಅನ್ನುತ್ತಾರಲ್ಲ, ಅದೇ ಸವಳು. ಹಿಂದೆ ಅಗಸರು ಬಟ್ಟೆ ಒಗೆಯಲು ಚೌಳು ಮಣ್ಣು ಬಳಸುತ್ತಿದ್ದರು. ಆ ಮಣ್ಣಿನಲ್ಲಿರುವ ವಾಷಿಂಗ್ ಸೋಡಾ ಕ್ಯಾಲ್ಸಿಯಮ್ಮನ್ನು ಗಸಿಯಾಗಿ ಕೆಳಗಿಳಿಸುತ್ತದೆ, ನೀರು ಮೆದುವಾಗುತ್ತದೆ. ಅಂದರೆ ಚೌಳು ಗಡಸು ನೀರಿಗೆ ಮದ್ದು! ಅದೇ ಪದವನ್ನು ಗಡಸು ನೀರಿಗೇ ಇಟ್ಟರೆ ತಲೆಕೆಳಗಾಗುತ್ತೆ ಅಲ್ವಾ? ಆದರೂ ಬಾಯಿಗೆ ಒಗರೊಗರಾಗಿ ಹತ್ತುವ ನೀರಿಗೆ ಇದಕ್ಕಿಂತ ಒಳ್ಳೆ ಪದ ನನಗೆ ಗೊತ್ತಿಲ್ಲ.

ನಮ್ಮ ಅಜ್ಜಿ ಹೆಸರಿನ ಗೊಡವೆಗೇ ಹೋಗುತ್ತಿರಲಿಲ್ಲ. 'ಬೇಳೆ ಬೇಯದ ನೀರು' ಅಂದರೆ ಮುಗಿಯಿತು. ವಿಜ್ಞಾನಕ್ಕೂ ಅದು ಒಪ್ಪುವ ಮಾತು. ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ನನ್ನು ಬಿಗಿ ಮಾಡುತ್ತೆ, ಬೇಳೆ ಮೆತ್ತಗಾಗಲ್ಲ. ಅದಕ್ಕೇ ಚಿಟಿಕೆ ಸೋಡಾ ಹಾಕೋದು. 'ನಿನ್ನ ಬೇಳೆ ಇಲ್ಲಿ ಬೇಯಲ್ಲ' ಅಂತ ಮೊದಲು ಅಂದವರ ಊರಿನ ಬಾವಿ ಹೇಗಿತ್ತೋ!

ಎರಡನೇ ಪದ ಇನ್ನೂ ಕಷ್ಟದ್ದು. ಗೀಸರ್ ಕಾಯಿಲ್, ಹಂಡೆಯ ಒಳಮೈ, ಶವರಿನ ತೂತುಗಳಲ್ಲಿ ಕೂರುವ ಬಿಳಿ ಪದರಕ್ಕೆ ಏನನ್ನಬೇಕು? 'ಉಪ್ಪು ಕಟ್ಟಿದೆ' ಅನ್ನುವವರು ಜಾಸ್ತಿ. 'ಸುಣ್ಣ ಕಟ್ಟಿದೆ' ಅನ್ನುವುದನ್ನೂ ಕೇಳಿದ್ದೇನೆ, ನನ್ನ ಮತ ಇದಕ್ಕೇ. ಆ ಪದರದಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗೋಡೆಗೆ ಬಳಿದ ಸುಣ್ಣ ಗಾಳಿಗೆ ಒಣಗಿ ಕೊನೆಗೆ ಆಗುವುದೂ ಅದೇ. ವಿನಿಗರ್ ಅಥವಾ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಿನಲ್ಲಿ ನೆನೆಸಿದರೆ ನೊರೆನೊರೆಯಾಗಿ ಬಿಡುತ್ತೆ. ಅಡುಗೆ ಉಪ್ಪಾಗಿದ್ದರೆ ಬರೀ ನೀರಿಗೇ ಕರಗಬೇಕಿತ್ತು. 'ಹಕ್ಕಳೆ' ಕೂಡ ಚೆನ್ನಾಗಿದೆ, ಕೆರೆದರೆ ಚಕ್ಕೆಯಾಗಿ ಏಳುವುದಕ್ಕೆ ಸರಿಹೊಂದುತ್ತೆ. ಆದರೆ ಗಾಯದ ನೆನಪು ಬರುತ್ತೆ. 'ಕಿಟ್ಟ' ಅಂದರೆ ಕಬ್ಬಿಣದ ಕಡೆ ಹೋಗುತ್ತೆ.

ಬಕೆಟ್ ಅಂಚಿಗೆ ಸೋಪು ಬೂದುಬಣ್ಣಕ್ಕೆ ತಿರುಗಿ ಅಂಟುವುದು ಬೇರೆಯೇ. ಅದು ಸೋಪೂ ಕ್ಯಾಲ್ಸಿಯಮ್ಮೂ ಸೇರಿ ಆದದ್ದು. ಸೀಗೇಕಾಯಿ, ಅಂಟುವಾಳಕ್ಕೆ ಆ ಕಾಟ ಇಲ್ಲ. ಸದ್ಯಕ್ಕೆ 'ಸೋಪಿನ ಜಿಡ್ಡು' ಅಂತ ಬರೆದಿದ್ದೇನೆ.

ಈಗ ನನ್ನ ಕರಡಿನಲ್ಲಿ 'ಗಡಸು ನೀರು', 'ಸುಣ್ಣ ಕಟ್ಟುವುದು' ಇವೆ. 'ಉಪ್ಪು ನೀರ'ನ್ನು ನಿಜವಾಗಿ ಉಪ್ಪುಪ್ಪಾಗಿರುವ ನೀರಿಗೆ ಬಿಟ್ಟಿದ್ದೇನೆ. ಕೋಲಾರ, ಗದಗ, ವಿಜಯಪುರದ ಕಡೆಯವರು ಮನೆಯಲ್ಲಿ ಆಡುವ ಪದ ಯಾವುದು? ಕರಾವಳಿಯವರನ್ನೂ ಕೇಳಬೇಕು. ಮುರಕಲ್ಲಿನ ಬಾವಿ ನೀರು ಮೆದು, ನಿಮ್ಮಲ್ಲಿ 'ಉಪ್ಪು ನೀರು' ಅಂದರೆ ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ಬಾವಿಗೆ ನುಗ್ಗುವ ನೀರೇ ತಾನೆ? ಹಾಗಾದರೆ ಬೆಂಗಳೂರಿಗೆ ಬಂದು ಗೀಸರ್ ಕೆಟ್ಟಾಗ ನೀವು ಈ ನೀರಿಗೆ ಏನಂತೀರಿ?