ಹದಿನಾಲ್ಕು ವರ್ಷಗಳ ಕೊಲೈಟಿಸ್: ಈಗ ಆರಾಮವಿದ್ದರೂ ಕೊಲೊನೋಸ್ಕೋಪಿ ಬೇಕೇ?

ಪ್ರಶ್ನೆ (ಬ್ರಹ್ಮಾವರದ ಸದಸ್ಯರು):
ಡಾಕ್ಟರಿಗೆ ನಮಸ್ಕಾರ. ನನಗೆ 44 ವರ್ಷ. ಹದಿನಾಲ್ಕು ವರ್ಷಗಳ ಹಿಂದೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ಮೂಲವ್ಯಾಧಿಯೆಂದು ತಿಳಿದು ಎರಡು ವರ್ಷ ಮನೆಮದ್ದಿನಲ್ಲೇ ಕಳೆದೆ. ಆಮೇಲೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವ ಕೊಲೊನೋಸ್ಕೋಪಿ ಮಾಡಿದಾಗ ದೊಡ್ಡ ಕರುಳಿನ ಉದ್ದಕ್ಕೂ ಅಲ್ಸರೇಟಿವ್ ಕೊಲೈಟಿಸ್ (ಒಳಪದರದ ಉರಿಯೂತ, ಹುಣ್ಣು) ಇರುವುದು ಗೊತ್ತಾಯಿತು. ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ತಪ್ಪಿಸಿಲ್ಲ. ಮೂರು ವರ್ಷಗಳಿಂದ ಯಾವ ತೊಂದರೆಯೂ ಇಲ್ಲ. ಈಗ ಕ್ಯಾನ್ಸರ್ ಇದೆಯೇ ಎಂದು ನೋಡಲು ಮತ್ತೆ ಕೊಲೊನೋಸ್ಕೋಪಿ ಮಾಡಿಸಲು ಹೇಳಿದ್ದಾರೆ. ಮನೆಯವರು ಹೆದರಿದ್ದಾರೆ. ಇದು ನಿಜಕ್ಕೂ ಅಗತ್ಯವೇ?

ಉತ್ತರ (ಜೀರ್ಣಾಂಗ ತಜ್ಞರು, ಮಂಗಳೂರು):
ನಮಸ್ಕಾರ. ಅಗತ್ಯವಿದೆ. ನಿಮ್ಮಲ್ಲಿ ಕ್ಯಾನ್ಸರಿನ ಲಕ್ಷಣ ಕಂಡಿದೆಯೆಂದು ಈ ಪರೀಕ್ಷೆ ಹೇಳಿದ್ದಲ್ಲ, ಕಾಯಿಲೆಗೆ ಇಷ್ಟು ವರ್ಷಗಳಾದವು ಎಂಬ ಕಾರಣಕ್ಕೆ ಹೇಳಿದ್ದು. ಈ ಮಾತನ್ನು ಮೊದಲು ಮನೆಯವರಿಗೆ ತಿಳಿಸಿ.

ಕರುಳಿನ ಒಳಪದರ ಉರಿಯೂತದಿಂದ ಕೆಡುತ್ತದೆ, ಮತ್ತೆ ಬೆಳೆದು ಮಾಯುತ್ತದೆ. ಹೀಗೆ ವರ್ಷಗಟ್ಟಲೆ ನಡೆದಾಗ ಹೊಸದಾಗಿ ಹುಟ್ಟುವ ಕೆಲವು ಜೀವಕೋಶಗಳ ವಂಶವಾಹಿಗಳಲ್ಲಿ ದೋಷಗಳು ಸೇರಿಕೊಂಡು, ಡಿಸ್‌ಪ್ಲೇಸಿಯಾ ಎಂಬ ಕ್ಯಾನ್ಸರ್‌ಪೂರ್ವ ಸ್ಥಿತಿ ಉಂಟಾಗಬಹುದು. ಸಾಮಾನ್ಯ ಪಾಲಿಪ್ ಗಂಟಿನಂತೆ ಎದ್ದು ಕಾಣುತ್ತದೆ. ಕೊಲೈಟಿಸ್ ಇರುವವರಲ್ಲಿ ಈ ಬದಲಾವಣೆ ಎಷ್ಟೋ ಸಲ ಚಪ್ಪಟೆಯಾಗಿ, ಸುತ್ತಲಿನ ಪದರದಲ್ಲೇ ಬೆರೆತುಹೋಗಿರುತ್ತದೆ. ಆ ಹಂತದಲ್ಲಿ ನೋವೂ ಇರುವುದಿಲ್ಲ, ರಕ್ತವೂ ಹೋಗುವುದಿಲ್ಲ. ಆದ್ದರಿಂದ ಆರಾಮವಾಗಿದ್ದೇನೆ ಎಂಬುದು ಪರೀಕ್ಷೆ ಬೇಡ ಎನ್ನಲು ಕಾರಣವಾಗುವುದಿಲ್ಲ. ಉರಿಯೂತ ತಣ್ಣಗಿರುವಾಗಲೇ ನೋಡುವುದು ಒಳ್ಳೆಯದು, ಏಕೆಂದರೆ ಕರುಳು ಕೆಂಪಾಗಿ ಊದಿಕೊಂಡಿದ್ದರೆ ಡಿಸ್‌ಪ್ಲೇಸಿಯಾವನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ ಕ್ಯಾನ್ಸರಿನ ಪ್ರಮಾಣ 10 ವರ್ಷಕ್ಕೆ ಶೇ. 2, 20 ವರ್ಷಕ್ಕೆ ಶೇ. 8, 30 ವರ್ಷಕ್ಕೆ ಶೇ. 18 ಎಂದಿತ್ತು. ಆ ನಂತರದ ಅಧ್ಯಯನಗಳಲ್ಲಿ ಕಂಡ ಪ್ರಮಾಣ ಇದಕ್ಕಿಂತ ಸಾಕಷ್ಟು ಕಡಿಮೆ. ಹಳೆಯ ಅಂಕಿಗಳನ್ನು ಮೊಬೈಲಿನಲ್ಲಿ ಓದಿ ನಿದ್ದೆಗೆಟ್ಟು ಬರುವವರನ್ನು ನಾನು ಆಗಾಗ ನೋಡುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತಪಾಸಣೆಯನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ 8 ವರ್ಷಗಳ ನಂತರ ಶುರುಮಾಡುತ್ತೇವೆ. ಮೂಲವ್ಯಾಧಿಯೆಂದುಕೊಂಡ ಆ ಎರಡು ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಮುಂದಿನ ಪರೀಕ್ಷೆ ಒಂದು ವರ್ಷಕ್ಕೋ, ಮೂರು ವರ್ಷಕ್ಕೋ, ಐದು ವರ್ಷಕ್ಕೋ ಎಂಬುದು ಈ ಸಲ ಕಂಡದ್ದರ ಮೇಲೆ ನಿರ್ಧಾರವಾಗುತ್ತದೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಆಗಿದ್ದರೆ ಮರೆಯದೆ ಹೇಳಿ. ಪಿತ್ತನಾಳಗಳು ಕಿರಿದಾಗುವ ಪಿ.ಎಸ್.ಸಿ. ಎಂಬ ಕಾಯಿಲೆಯೂ ಜೊತೆಗಿದ್ದರೆ ಎಂಟು ವರ್ಷ ಕಾಯುವಂತಿಲ್ಲ. ಅದು ಪತ್ತೆಯಾದಂದಿನಿಂದಲೇ ಪ್ರತಿ ವರ್ಷ ನೋಡಬೇಕು.

ಪ್ರಶ್ನೆ (ಅವರೇ):
ಧನ್ಯವಾದ ಸರ್. ಇದರ ಬದಲು ಮಲಪರೀಕ್ಷೆ ಸಾಲದೇ? ಹಿಂದಿನ ಸಲ ಹೊಟ್ಟೆ ಸರಿಯಾಗಿ ಖಾಲಿಯಾಗಿಲ್ಲವೆಂದು ಅರ್ಧಕ್ಕೇ ನಿಲ್ಲಿಸಿದ್ದರು.

ಉತ್ತರ:
ಸಾಲದು. ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆಯಿಂದ ಉರಿಯೂತ ಎಷ್ಟಿದೆಯೆಂದು ತಿಳಿಯುತ್ತದೆ, ಡಿಸ್‌ಪ್ಲೇಸಿಯಾ ತಿಳಿಯುವುದಿಲ್ಲ. ಕೊಲೊನೋಸ್ಕೋಪಿಯಲ್ಲಿ ಕರುಳಿನ ಗೋಡೆಗೆ ನೀಲಿ ಬಣ್ಣದ ದ್ರಾವಣ ಸಿಂಪಡಿಸಿದರೆ ಚಪ್ಪಟೆ ಮಚ್ಚೆಗಳ ಅಂಚು ಎದ್ದು ಕಾಣುತ್ತದೆ. ಅನುಮಾನವಿರುವಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ. ಮೂಲೆಯಲ್ಲಿ ಸ್ವಲ್ಪ ಮಲ ಉಳಿದರೂ ಅದರಡಿಯ ಮಚ್ಚೆ ತಪ್ಪಿಹೋಗಬಹುದು. ಆದ್ದರಿಂದ ಹಿಂದಿನ ದಿನ ಅನ್ನ, ತರಕಾರಿ, ಹಣ್ಣು ಬೇಡ. ಗಂಜಿಯ ಅಗುಳು ಸೋಸಿ ತಿಳಿಯನ್ನಷ್ಟೇ ಕುಡಿಯಿರಿ. ಬೊಂಡದ ನೀರು (ಎಳನೀರು) ಆಗಬಹುದು, ಒಳಗಿನ ಎಳೆ ತಿರುಳು ಸೇರಿದ್ದು ಬೇಡ. ನಮ್ಮ ಕಡೆಯವರು ತಂಪಿಗೆಂದು ಪುನರ್ಪುಳಿ ಶರಬತ್ತು ಕುಡಿಯುತ್ತಾರೆ. ಅದರ ಕೆಂಪು ಕರುಳಿನಲ್ಲಿ ರಕ್ತದಂತೆ ಕಾಣುವುದರಿಂದ ಆ ದಿನ ಅದನ್ನು ಬಿಡಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿ. ಮೆಸಲಮೈನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ (ಕುಂದಾಪುರದ ಸದಸ್ಯೆ):
ನನ್ನ ತಾಯಿಗೆ ಗುದನಾಳದಲ್ಲಿ ಮಾತ್ರ ಕೊಲೈಟಿಸ್ ಇದೆ. ಅವರಿಗೂ ಇದೆಲ್ಲ ಬೇಕೇ?

ಉತ್ತರ:
ಗುದನಾಳಕ್ಕಷ್ಟೇ ಸೀಮಿತವಾಗಿದ್ದರೆ ಅಪಾಯ ಇತರರಿಗಿಂತ ಹೆಚ್ಚೇನೂ ಇರುವುದಿಲ್ಲ, ಪದೇ ಪದೇ ತಪಾಸಣೆ ಬೇಕಾಗಿಲ್ಲ. ಆದರೆ ಈ ಕಾಯಿಲೆ ವರ್ಷಗಳು ಕಳೆದಂತೆ ಮೇಲಕ್ಕೆ ಹಬ್ಬುವುದುಂಟು. ಎಂಟು ವರ್ಷ ತುಂಬಿದಾಗ ಒಮ್ಮೆ ಪೂರ್ತಿ ಕರುಳನ್ನು ನೋಡಿಸಿ, ಮೊದಲ ಸಲದ ಬಯಾಪ್ಸಿ ವರದಿಯನ್ನೂ ಜೊತೆಯಲ್ಲಿ ಒಯ್ಯಿರಿ.